ಟಾರಿನ ಮೇಲೆ ಇಕ್ಕಿದ ಎಡೆ

ಹೊಸ ಏರ್‌ಪೋರ್ಟಿನ ಬಾಗಿಲು ದಾಟಿದ ಕೂಡಲೇ ಎಡಗಡೆ ಗೋಡೆಗೆ ಒಂದು ದೊಡ್ಡ ಬೋರ್ಡು ಹಾಕಿದ್ದಾರೆ. ಮಿಲಿಟ್ರಿಯವರ ಇಮಾನದ ನೆಲೆ ಹೆಂಗೆ ಶುರುವಾಯ್ತು, ಹೆಂಗೆ ಬೆಳೀತು, ಈಗ ಹೆಂಗೆ ಜನಗಳಿಗೂ ಅದರಲ್ಲಿ ಜಾಗ ಸಿಕ್ತು ಅಂತ ಚಿತ್ರ ಸಮೇತ ಬರೆದಿದ್ದಾರೆ. ಟೋಪಿ ಹಾಕಿಕೊಂಡ ಬಿಳೀ ದೊರೆ ಇದ್ದಾನೆ. ರೋಡು ಉರುಳೆ ಇದೆ. ಒಂದು ಹಳೇ ಇಮಾನದ ಮುಂದೆ ಆಫೀಸರುಗಳು ಕುರ್ಚಿ ಹಾಕಿಕೊಂಡು ಸಾಲಾಗಿ ಕೂತಿದ್ದಾರೆ. ಬೋರ್ಡಿನ ಮೊದಲನೇ ಸಾಲಲ್ಲೇ ಹೀಗಿದೆ: ಇದು ಮೊದಲು ಖಾಲಿ ಬಯಲಾಗಿತ್ತು.

ನಾನು ಅಕ್ಷರ ಕೂಡಿಸಿ ಕೂಡಿಸಿ ಓದೋಳು. ಉಳಿದದ್ದನ್ನ ನಮ್ಮೂರ ಹುಡುಗಿ ಒಬ್ಬಳು ಓದಿ ಹೇಳಿದಳು. 'ಖಾಲಿ' ಅನ್ನೋದನ್ನ ಮಾತ್ರ ನಾನೇ ಓದಿಕೊಂಡೆ.

ಉದ್ಘಾಟನೆ ಆದ ಮಾರನೇ ದಿನ ಸುತ್ತಲ ಊರಿನೋರನ್ನೆಲ್ಲ ಒಳಗೆ ಕರೆದು ತೋರಿಸಿದರು. ಕೈಗೊಂದು ಲಾಡು ಕೊಟ್ಟರು. ಗೌಡಗೆರೆ ಕಡೆಯಿಂದಲೂ ಜನ ಬಂದಿದ್ದರು, ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದರು. ನಾನು ಆ ಬೋರ್ಡಿನ ಮುಂದೆ ಲಾಡು ಹಿಡ್ಕೊಂಡು ನಿಂತೋಳು ತಿನ್ನಲೇ ಇಲ್ಲ. ಅಷ್ಟು ಕೋಪ ಬಂದಿತ್ತು.

ಆ ಬಯಲು ಖಾಲಿ ಇರಲಿಲ್ಲ. ಅಲ್ಲಿ ನಮ್ಮ ಸತ್ತೋರು ಇದ್ದರು. ಸತ್ತೋರು ಜನ ಅಲ್ಲ ಅನ್ನೋದಾದರೆ ಖಾಲಿ ಅಂತಲೇ ಇಟ್ಟುಕೊಳ್ಳಿ.

ಆಗ ನಮ್ಮ ಪಕ್ಕದ ಮನೆ ಆಯಮ್ಮ ಸತ್ತು ಆರು ತಿಂಗಳೂ ಆಗಿರಲಿಲ್ಲ. ಅವಳ ಬಗ್ಗೆ ಆ ಬೋರ್ಡಲ್ಲಿ ಒಂದಕ್ಷರ ಇಲ್ಲ. ಇರುತ್ತೆ ಅಂತ ನಾನೂ ಅಂದುಕೊಂಡಿರಲಿಲ್ಲ. ಆದರೆ ಖಾಲಿ ಅಂತ ಬರೆಯೋ ಧೈರ್ಯ ಮಾಡ್ತಾರೆ ಅಂತಲೂ ಅಂದುಕೊಂಡಿರಲಿಲ್ಲ. ಅದಕ್ಕೇ ಆ ಹುಡುಗಿ ಕೈಲಿ ಬರೆಸ್ತಾ ಇದ್ದೀನಿ. ಆಯಮ್ಮನ ಹೆಸರು ಹಾಕಲ್ಲ. ಮೊದಲು ಅವರು ಗೋಡೆ ಮೇಲೆ ಹಾಕಲಿ.

ನಾನು ಮದುವೆಯಾಗಿ ಈ ಊರಿಗೆ ಬಂದಾಗ ಆಯಮ್ಮನ ಮನೆ ನಮ್ಮ ಮನೆಗೆ ಗೋಡೆ ಪಕ್ಕ. ನನಗಿಂತ ಹತ್ತು ವರ್ಷಕ್ಕೆ ದೊಡ್ಡೋಳು. ನಾನು ಅಕ್ಕಯ್ಯ ಅಂತಿದ್ದೆ, ಅವಳು ನನ್ನ ಲೇ ಅಂತಿದ್ದಳು. ಕೊನೇ ತನಕ ಲೇ ಅಂತಲೇ ಕರೆದಳು. ಕುಳ್ಳಿ. ಕಪ್ಪಗೆ, ಗಟ್ಟಿಯಾಗಿ, ಒರಳು ಕಲ್ಲಿನ ಹಂಗೆ ಇದ್ದಳು. ನಗೋಳಲ್ಲ. ಬೇರೆಯೋರನ್ನ ನಗಿಸಿ ತಾನು ಗುರ್ರ್ ಅಂತ ನೋಡೋಳು. ಒಳ್ಳೆಯೋಳು ಅಂತ ನಾನು ಹೇಳಲ್ಲ. ಬದುವಿನ ಒಂದು ಹುಲ್ಲುಕಡ್ಡಿಗೆ ಮೂರು ದಿನ ಬಯ್ಯೋಳು. ನಮ್ಮ ಹಿತ್ತಲಿನ ನುಗ್ಗೇಕಾಯಿ ಅವಳ ಕಡೆಗೆ ಬಗ್ಗಿದರೆ ಅದು ಅವಳದ್ದು, ಅವಳ ಹಿತ್ತಲಿನ ಕರಿಬೇವು ನಮ್ಮ ಕಡೆಗೆ ಬಗ್ಗಿದರೆ ಅದೂ ಅವಳದ್ದೇ. ಒಂದು ಸುಗ್ಗಿ ಪೂರ್ತಿ ನಾವು ಮಾತು ಬಿಟ್ಟಿದ್ದೆವು.

ಇಮಾನದ ಬಯಲಿನ ಕತೆ ನಾನು ನೋಡಿದ್ದಕ್ಕಿಂತ ಅವಳ ಬಾಯಲ್ಲಿ ಕೇಳಿದ್ದೇ ಹೆಚ್ಚು. ಬಿಳಿಯೋರ ದೊಡ್ಡ ಯುದ್ಧದ ಕಾಲಕ್ಕೆ ಊರ ಗೋಮಾಳವನ್ನ ಮಟ್ಟ ಮಾಡಿ, ಕೆಂಪು ಗರಸು ಹಾಸಿ ಉರುಳೆ ಹೊಡೆಸಿದರಂತೆ. ಎರಡೋ ಮೂರೋ ಇಮಾನ ಇಳಿದುವಂತೆ. ಆಮೇಲೆ ಯುದ್ಧ ಮುಗೀತು, ದೊರೆಗಳು ಹೋದರು, ಅಷ್ಟು ಚೆಂದ ಉರುಳೆ ಹೊಡೆದ ನೆಲ ಯಾರಿಗೂ ಬೇಡವಾಯ್ತು. ಊರಿನೋರು ಬಿಡ್ತಾರಾ? ಅದನ್ನೇ ಕಣ ಮಾಡಿಕೊಂಡರು. ಶಿರಾದ ಮಂಡಿಗೆ ಹೋಗೋ ಕಡ್ಲೆಕಾಯಿ ಎಲ್ಲ ಅಲ್ಲೇ ಒಣಗ್ತಿತ್ತು. ಆ ಕಣದ ಪಡುವಣ ತುದಿಗೆ ಒಂದು ಹುಣಸೇಮರ, ಮರದ ಕೆಳಗಿಂದ ಶುರುವಾಗಿ ಊರ ಮಣ್ಣು. ಅಂದರೆ ಸ್ಮಶಾನ. ನಮ್ಮಲ್ಲಿ ಸುಡಲ್ಲ, ಹೂಳ್ತಾರೆ.

ಚೀನಾದೋರ ಜೊತೆ ಯುದ್ಧ ಆದ ಮೇಲೆ ಮಿಲಿಟ್ರಿಯೋರು ತಿರುಗಿ ಬಂದರು. ಇಮಾನದ ರೋಡು ಉದ್ದ ಮಾಡಬೇಕು ಅಂದರು. ಮೂಡಲಿಗೆ ಬಂಡೆ, ಅದಕ್ಕೇ ಪಡುವಣಕ್ಕೆ ಉದ್ದ ಮಾಡಿದರು. ಹುಣಸೇಮರ ಕಡಿದರು. ಊರಿನ ಯಜಮಾನರು ಹೋಗಿ ಅಲ್ಲಿ ಮಣ್ಣುಗಳಿದಾವೆ ಸ್ವಾಮಿ ಅಂದದ್ದಕ್ಕೆ, ಹಳ್ಳದ ಪಕ್ಕ ಬೇರೆ ಜಾಗ ಕೊಟ್ಟಿದ್ದೀವಲ್ಲ ಅಂದರಂತೆ. ಬೇರೆ ಜಾಗ ಇನ್ನು ಮುಂದೆ ಸಾಯೋರಿಗಾಯ್ತು. ಮೊದಲೇ ಸತ್ತೋರು ಎದ್ದು ನಡ್ಕೊಂಡು ಹೋಗ್ತಾರಾ?

ಆಯಮ್ಮನ ಮೊದಲನೇ ಮಗು, ಹೆಣ್ಣು, ಆ ವರ್ಷವೇ ಮೈಮೇಲೆ ಅಮ್ಮ ಎದ್ದು, ಅದೇ ಸಿಡುಬು, ತೀರಿಕೊಂಡಿತ್ತು. ಆಗ ತಾನೇ ತಪ್ಪು ಹೆಜ್ಜೆ ಇಡೋಕೆ ಶುರುಮಾಡಿತ್ತಂತೆ. ಹುಣಸೇಮರದ ಪಕ್ಕ ಹೂತು ಒಂದು ಕಲ್ಲು ಇಟ್ಟಿದ್ದರು. ಟಾರು ಹಾಕೋ ಕೆಲಸಕ್ಕೆ ಕೂಲಿಗೆ ಕರೆದಾಗ ಊರ ಹೆಂಗಸರೆಲ್ಲ ಹೋದರು, ಆಯಮ್ಮನೂ ಹೋದಳು. ಮನೇಲಿ ರಾಗಿ ಇರಲಿಲ್ಲ. ತಲೆ ಮೇಲೆ ಮಂಕರಿ ಹೊತ್ತು, ಮಗು ಇದ್ದ ಜಾಗಕ್ಕೆ ತಾನೇ ಜಲ್ಲಿ ಸುರಿದಳು.

ಇದನ್ನ ಅವಳು ನನಗೆ ಹೇಳಿದ್ದು ಅವರೇಕಾಯಿ ಬಿಡಿಸ್ತಾ. ನಾನು ಅಯ್ಯೋ ಅಂದೆ.

"ಅಯ್ಯೋ ಅಂದ್ರೆ ಏನ್ ಬಂತು? ಬ್ಯಾರೆ ಯಾವಳೋ ಸುರಿಯೋಳು. ನಾನು ಮೆಲ್ಲಕೆ ಸುರಿದೆ," ಅಂದಳು.

ಟಾರಿನ ರೋಡು ಆದ ಮೇಲೆ ಅದನ್ನ ಗುಡಿಸೋಕೆ ಜನ ಬೇಕಾಯ್ತು. ಇಮಾನ ಹಾರೋ ಮುಂಚೆ, ಇಳಿಯೋ ಮುಂಚೆ, ರೋಡಿನ ಮೇಲೆ ಒಂದು ಹರಳೂ ಇರಬಾರದು. ಹರಳು ಎದ್ದು ಮಿಷನ್ನಿನ ಬಾಯಿಗೆ ಹೋದರೆ ಇಮಾನ ಹಾಳು, ಒಳಗಿರೋ ಮನುಷ್ಯ ಹಾಳು. ಅದಕ್ಕೆ ನಮ್ಮೂರ ಹೆಂಗಸರನ್ನ ಇಟ್ಟುಕೊಂಡರು. ಹೊತ್ತು ಮೂಡೋಕೆ ಮುಂಚೆ ಗೇಟಿನ ಹತ್ತಿರ ಸೇರೋದು, ಪೊರಕೆ ಹಿಡಿದು ಅಡ್ಡಕ್ಕೆ ಸಾಲು ನಿಲ್ಲೋದು, ಭುಜಕ್ಕೆ ಭುಜ ಹತ್ತಿರ ಇಟ್ಟುಕೊಂಡು ಈ ತುದಿಯಿಂದ ಆ ತುದಿಗೆ ಗುಡಿಸಿಕೊಂಡು ಹೋಗೋದು. ಸಿಕ್ಕಿದ ಹರಳು, ಕಡ್ಡಿ ಮಡಿಲಿಗೆ. ಸೈರನ್ ಕೂಗೋದರೊಳಗೆ ಹೊರಗೆ. ಆ ಸಾಲಿಗೆ ಆಯಮ್ಮನೇ ಮೇಸ್ತ್ರಿ. ಅವಳನ್ನ ಯಾರು ಮೇಸ್ತ್ರಿ ಮಾಡಿದರೋ ನನಗೆ ಗೊತ್ತಿಲ್ಲ. ಅವಳೇ ಆಗಿರಬೇಕು. ಯಾವಳಾದರೂ ಮಾತಾಡ್ತಾ ಹಿಂದೆ ಬಿದ್ದರೆ ಪೊರಕೆ ಹಿಡಿಯಿಂದ ಮೊಣಕಾಲಿಗೆ ಒಂದು ಬಿಡೋಳು. ನನಗೂ ಬಿದ್ದಿದೆ. ಒಂದು ಸಲ ಒಂದು ನಟ್ಟು ಸಿಕ್ಕಿತು. ಅದನ್ನ ಅಂಗೈಲಿ ಇಟ್ಟುಕೊಂಡು ಹೋಗಿ ಆಫೀಸರಿಗೆ ಕೊಟ್ಟು, "ನಿಮ್ಮ ಇಮಾನದ ಹಲ್ಲು ಉದುರೈತೆ ಸ್ವಾಮಿ, ವಯಸ್ಸಾಯ್ತೇನೋ ನೋಡಿ," ಅಂದಳು.

ನಾವು ಗೇಟಿನ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಹೋಗ್ತಿದ್ದೆವು. ಅದು ಅವಳ ಕಟ್ಟುಪಾಡು. ಬೇಸಿಗೆಯಲ್ಲೂ ಅಷ್ಟೇ, ಟಾರು ಬಾಣಲೆ ಹಂಗೆ ಕಾದಿದ್ದರೂ ಅಷ್ಟೇ. ಮಿಲಿಟ್ರಿಯೋರು ಪಾಪ ಈ ಹೆಂಗಸರಿಗೆ ಚಪ್ಪಲಿಗೂ ಗತಿ ಇಲ್ಲ ಅಂದುಕೊಂಡರು. ಒಂದು ದಿನ ಎಲ್ಲರಿಗೂ ಬಿಳೀ ಕ್ಯಾನ್ವಾಸ್ ಬೂಟು ಬಂದುವು. ಅಳತೆಗೆ ಸರಿಯಾಗಿದ್ದುವು ಕೂಡ. ನಾವು ಇಸ್ಕೊಂಡೆವು, ಮನೆಗೆ ತಂದೆವು, ಮಾರನೇ ದಿನ ಬರಿಗಾಲಲ್ಲೇ ಹೋದೆವು. ಆಫೀಸರಿಗೆ ಸಿಟ್ಟು ಬಂತು. ಬೂಟು ಮಾರಿಕೊಂಡ್ರಾ ಅಂತ ಕೇಳಿದರು.

ಆಯಮ್ಮ ಅಂದಳು: "ಇಲ್ಲ ಸ್ವಾಮಿ, ಕಡ್ಲೆಕಾಯಿ ಕೀಳಕ್ಕೆ ಮಡಿಕ್ಕೊಂಡಿವಿ. ಮುಳ್ಳು ಚುಚ್ಚಲ್ಲ. ಒಳ್ಳೆ ಬೂಟು."

"ಹೊಲಕ್ಕೆ ಹಾಕ್ಕೊತೀರಿ, ಇಲ್ಲಿಗೆ ಯಾಕೆ ಹಾಕ್ಕೊಳ್ಳಲ್ಲ?"

"ನಮ್ಮ ಹಿರೀಕರ ತಲೆ ಮ್ಯಾಲೆ ಎಕ್ಕಡ ಮೆಟ್ಕಂಡು ನಡೀಬೇಕಾ?"

ಅವರು, ನಮ್ಮ ಇಮಾನವೇ ಅಲ್ಲಿ ಓಡ್ತದಲ್ಲಮ್ಮ ಅಂದರು.

"ಓಡ್ಲಿ. ಅದಕ್ಕೆ ಗೊತ್ತಿಲ್ಲ. ನಮಗೆ ಗೊತ್ತೈತಲ್ಲ," ಅಂದಳು.

ಆ ಆಫೀಸರು ಯಾರು ಅಂದರೆ ಗಿರಿಜಾ ಮೀಸೆ ಬಿಟ್ಟಿದ್ದೋರು. ಮಲೆನಾಡಿನ ಕಡೆಯೋರು, ಕನ್ನಡ ಬರ್ತಿತ್ತು. ಬಂದ ಆಫೀಸರುಗಳ ಪೈಕಿ ಮನುಷ್ಯ ಅಂತ ಆಯಮ್ಮ ಒಪ್ಪಿಕೊಂಡದ್ದು ಅವರೊಬ್ಬರನ್ನೇ. ಒಪ್ಪಿಕೊಳ್ಳೋಕೆ ಮುಂಚೆ ಒಂದು ಜಗಳ ಆಯ್ತು.

ಪಿತೃಪಕ್ಷದ ಅಮಾಸೆ ದಿನ ನಮ್ಮಲ್ಲಿ ಹಿರಿಯರಿಗೆ ಎಡೆ ಇಕ್ಕುತ್ತೀವಿ. ಸತ್ತೋರಿಗೆ ಏನು ಇಷ್ಟವೋ ಅದನ್ನ ಮಾಡಿ, ಮುತ್ತುಗದ ಎಲೆ ಮೇಲೆ ಬಡಿಸಿ ಇಟ್ಟು, ಕಾಗೆ ಮುಟ್ಟೋ ತನಕ ಕಾಯೋದು. ಕಾಗೆ ಮುಟ್ಟಿದರೆ ಅವರು ಉಂಡ ಹಂಗೆ. ಮುಟ್ಟದೇ ಇದ್ದರೆ ಅವತ್ತು ಮನೆಯೋರಿಗೂ ಊಟ ಸೇರಲ್ಲ. ಟಾರು ಹಾಕಿದ ಮೇಲೆ ಊರಿನೋರೆಲ್ಲ ಮನೆ ಮಾಳಿಗೆ ಮೇಲೆ ಎಡೆ ಇಕ್ಕೋಕೆ ಶುರುಮಾಡಿದ್ದರು. ಆಯಮ್ಮ ಮಾತ್ರ ಒಪ್ಪಲಿಲ್ಲ. "ದೊಡ್ಡೋರಾದ್ರೆ ದಾರಿ ಕೇಳ್ಕಂಡು ಮನೆಗೆ ಬತ್ತಾರೆ. ಮಗೀಗೆ ನಡೆಯಕ್ಕೇ ಬರ್ತಿರ್ಲಿಲ್ಲ. ಅದು ಎಲ್ಲಿಗೆ ಬಂದಾತು?" ಅನ್ನೋಳು.

ಒಂದು ಅಮಾಸೆಯ ಬೆಳಗ್ಗೆ ರೋಡು ಗುಡಿಸಿ ಆದ ಮೇಲೆ ಅವಳು ನಮ್ಮ ಜೊತೆ ಹೊರಗೆ ಬರಲಿಲ್ಲ. ಮಡಿಲಲ್ಲಿ ಹಾಲನ್ನ, ಬೆಲ್ಲ ಇಟ್ಟುಕೊಂಡು ಬಂದಿದ್ದಳು ಅಂತ ನಮಗೆ ಗೊತ್ತೇ ಇರಲಿಲ್ಲ. ಪಡುವಣ ತುದಿಗೆ ಹೋಗಿ, ಟಾರಿನ ಮೇಲೆ ಎಲೆ ಹಾಸಿ, ಎಡೆ ಇಟ್ಟು ಕೂತಳು. ಎಲ್ಲಿ ಕೂರಬೇಕು ಅಂತ ಅವಳಿಗೆ ಅಂದಾಜಿತ್ತು. ಮಧುಗಿರಿ ಬೆಟ್ಟದ ನೆತ್ತಿ ನೀರಿನ ಟ್ಯಾಂಕಿನ ಪಕ್ಕಕ್ಕೆ ಬರೋ ಜಾಗ. ಕಾಗೆ ಬಂದುವು. ಕಾಗೆ ಹಿಂದೆ ಹದ್ದು ಬಂದುವು. ಇಳಿಯೋಕೆ ಬಂದ ಇಮಾನ ಕಿರುಚಿಕೊಂಡು ಮೇಲಕ್ಕೆ ಹೋಗಿ ಗಿರಗಿರ ಸುತ್ತೋಕೆ ಹತ್ತಿತು. ಸಿಪಾಯಿಗಳು ಓಡಿದರು. ಇಬ್ಬರು ಬಂದೂಕಿನೋರ ಮಧ್ಯೆ ಇವಳು ಬರಿಗಾಲಲ್ಲಿ ಖಾಲಿ ಎಲೆ ಹಿಡಿದುಕೊಂಡು ನಡ್ಕೊಂಡು ಬಂದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಂಗಿದೆ. ನಾವು ಗೇಟಿನ ಹತ್ತಿರ ನಿಂತಿದ್ದೆವು.

ಮೀಸೆ ಆಫೀಸರು ಕಿರುಚಿದರು: "ಇಷ್ಟು ಹೊತ್ತಲ್ಲಿ ಒಳಗೆ ಇರೋಕೆ ನಿನ್ನ ಬಿಟ್ಟೋರು ಯಾರು?"

"ನಾವು ಒಳಗೇ ಇದ್ವಿ ಸ್ವಾಮಿ. ನೀವು ಆಮ್ಯಾಕೆ ಬಂದ್ರಿ."

"ಕಾಗೆ ಮಿಷನ್ನಿಗೆ ಸಿಕ್ಕಿದ್ರೆ ಇಮಾನ ಬೀಳ್ತಿತ್ತು. ಅದರೊಳಗಿದ್ದ ಹುಡುಗ ಸಾಯ್ತಿದ್ದ. ಆಗ ಏನು ಮಾಡ್ತಿದ್ದೆ?"

ಆಯಮ್ಮ ಕೈಲಿದ್ದ ಎಲೆ ಮಡಿಸಿದಳು. "ಅವನಿಗೂ ಅವ್ವ ಇರ್ತಾಳೆ. ಅವಳೂ ಎಲೆ ಹಿಡ್ಕಂಡು ಎಲ್ಲಿ ಕೂರೋದು ಅಂತ ಹುಡುಕ್ಬೇಕಾಗ್ತದೆ. ಬ್ಯಾಡ ಸ್ವಾಮಿ. ತಪ್ಪಾಯ್ತು," ಅಂದಳು. ಅವಳ ಬಾಯಲ್ಲಿ ತಪ್ಪಾಯ್ತು ಅನ್ನೋ ಮಾತು ನಾನು ಕೇಳಿದ್ದು ಅದೊಂದೇ ಸಲ.

ಮೀಸೆಯೋರು ಕುರ್ಚಿ ಮೇಲೆ ಕೂತರು. ಅವಳನ್ನೂ ಕೂರು ಅಂದರು, ಅವಳು ನೆಲದ ಮೇಲೆ ಕೂತಳು. ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದು ಕಟ್ಟು ಮಾಡಿದರು. ಅಮಾಸೆ ದಿನ ಬೆಳಗ್ಗೆ ಒಂದು ಹೊತ್ತು ಇಮಾನ ಹಾರಿಸಲ್ಲ. ಊರಿನೋರು ಬಂದು ತಂತಮ್ಮ ಹಿರಿಯರಿಗೆ ಎಡೆ ಇಕ್ಕಲಿ. ಆದರೆ ಇಕ್ಕಿದೋರೇ ಎತ್ತಬೇಕು. ಕಾಗೆ ಉಂಡ ಮೇಲೆ ಒಂದು ಅಗುಳೂ ಉಳೀದ ಹಂಗೆ ಗುಡಿಸಿ ಆಚೆ ಹೋಗಬೇಕು. ಅವತ್ತಿನಿಂದ ಅದು ನಡೀತು. ಯುದ್ಧ ಬಂತು, ಹೋಯ್ತು, ಇಮಾನಗಳು ಬದಲಾದುವು, ಅದು ಮಾತ್ರ ನಿಲ್ಲಲಿಲ್ಲ. ಮಿಲಿಟ್ರಿಯೋರಿಗೂ ನಮಗೂ ಆ ನೆಲದಲ್ಲಿ ಇದ್ದ ಪಾಲು ಅಂದರೆ ಅದೊಂದೇ.

ಆ ದಿನ ಆಯಮ್ಮನ್ನ ನೋಡಬೇಕಿತ್ತು. ಹಬ್ಬದ ದಿನ ಅಂತ ಮುಖ ಸಡಿಲ ಬಿಡೋಳಲ್ಲ. ಮಗುವಿಗೆ ಹಾಲನ್ನ ಇಟ್ಟು, ಕಾಗೆ ಮುಟ್ಟಿದ್ದು ನೋಡಿದ ಕೂಡಲೇ ಎದ್ದು ಪೊರಕೆ ಹಿಡಿಯೋಳು. ಎಲ್ಲರ ಹಿಂದೆ ನಿಂತು, "ಅಗುಳು, ಅಗುಳು ನೋಡ್ರೇ," ಅಂತ ಕೂಗೋಳು. ಒಂದು ಮನೆ ಹೊಸ ಸೊಸೆ ಅರ್ಧ ವಡೆ ಬಿಟ್ಟು ಬಂದಿದ್ದಳು. ಗೇಟಿನ ತನಕ ಬಂದೋಳನ್ನ ಕೈ ಹಿಡಿದು ತಿರುಗಿ ಎಳ್ಕೊಂಡು ಹೋದಳು. ಆ ಹುಡುಗಿ ಅತ್ತುಬಿಟ್ಟಳು, ಅತ್ತೆ ಜಗಳಕ್ಕೆ ಬಂದಳು. ಆಯಮ್ಮ ಅಂದದ್ದು ಇಷ್ಟೇ: "ಮ್ಯಾಲಿರೋನು ಯಾರ್ದೋ ಮಗ. ಮೊದ್ಲು ಗುಡಿಸು, ಆಮ್ಯಾಕೆ ನನ್ನ ಬಯ್ಯಿ."

ಮೀಸೆಯೋರು ವರ್ಗ ಆಗಿ ಹೋಗೋವಾಗ ಮುಂದೆ ಬರೋರಿಗೆ ಹೇಳಿ ಹೋದರು. ಅವರು ಅವರ ಮುಂದಿನೋರಿಗೆ ಹೇಳಿದರು. ಹೊಸ ಆಫೀಸರು ಬಂದ ಸುದ್ದಿ ಗೊತ್ತಾದ ಕೂಡಲೇ ಆಯಮ್ಮ ಹುರಿದ ಕಡ್ಲೆಕಾಯಿ ಸೆರಗಿಗೆ ಕಟ್ಟಿಕೊಂಡು ಹೊರಡೋಳು.

"ಎಲ್ಲಿಗೆ ಅಕ್ಕಯ್ಯ?"

"ಹೊಸ ಅಳಿಯ ಬಂದವನಂತೆ, ನೋಡ್ಕಂಡು ಬತ್ತೀನಿ. ಹಳೇ ಅಳಿಯ ಹೇಳವನೋ ಇಲ್ವೋ."

ಹಂಗೆ ಎಷ್ಟು ಅಳಿಯಂದಿರು ಬಂದರೋ ಹೋದರೋ. ಹಿಂದಿಯೋರು, ತೆಲುಗರು, ಮಲಯಾಳದೋರು. ಇವಳು ಕನ್ನಡ ಬಿಟ್ಟು ಒಂದು ಮಾತೂ ಆಡಲಿಲ್ಲ. ಅವರಿಗೆ ಎಲ್ಲಾ ಅರ್ಥ ಆಗ್ತಿತ್ತು.

ನನಗೆ ಅವಳ ಮೇಲೆ ಕೋಪ ಇರೋದೂ ಇಲ್ಲೇ. ನಾನು ಎಷ್ಟು ಸಲ ಬಡ್ಕೊಂಡೆ, "ಅಕ್ಕಯ್ಯ, ಇದನ್ನೊಂದು ಕಾಗದದ ಮೇಲೆ ಬರೆಸ್ಕೋ. ನಾಳೆ ಯಾವನೋ ಇಲ್ಲ ಅಂದ್ರೆ?" ಅವಳು ಬಗ್ಗಲಿಲ್ಲ.

"ಕಾಗದ ಕೇಳಿದ್ರೆ ಕಾಗದ ಕೊಡಕ್ಕೆ ಆಗಲ್ಲ ಅಂತಾರೆ. ಮಾತು ಕೇಳಿದ್ರೆ ಕೊಡ್ತಾರೆ. ನಿಂಗೆ ಕಾಗದ ಬೇಕೋ, ಎಡೆ ಇಕ್ಕಬೇಕೋ?"

"ಎರಡೂ ಬೇಕು."

"ನಿಂಗೆ ಯಾವಾಗ್ಲೂ ಎರಡೂ ಬೇಕು ಕಣೇ. ನುಗ್ಗೇಕಾಯಿನೂ ಬೇಕು, ಮರನೂ ಬೇಕು."

ಈಗ ಹೇಳು ಅಕ್ಕಯ್ಯ ಅಂತ ಕೇಳೋಣ ಅಂದರೆ ಅವಳಿಲ್ಲ. ಇದ್ದಿದ್ದರೂ ತಪ್ಪಾಯ್ತು ಅನ್ನೋಳಲ್ಲ. ಆ ಮಾತನ್ನ ಮೀಸೆಯೋರ ಹತ್ತಿರ ಖರ್ಚು ಮಾಡಿಬಿಟ್ಟಿದ್ದಳು.

ಜನಗಳ ಇಮಾನವೂ ಇಲ್ಲೇ ಇಳೀಬೇಕು ಅಂತ ಆಯ್ತು. ಒಂದು ಕಡೆ ಮಿಲಿಟ್ರಿ, ಇನ್ನೊಂದು ಕಡೆ ಗಾಜಿನ ಬಿಲ್ಡಿಂಗು, ರೋಡು ಮಾತ್ರ ಇಬ್ಬರಿಗೂ ಒಂದೇ. ಪೇಪರಿನೋರು ಬಂದರು, ಲೀಡರುಗಳು ಬಂದರು. ಇನ್ನು ಈ ನೆಲ ಜನಸಾಮಾನ್ಯರದ್ದೂ ಹೌದು ಅಂತ ಮೈಕಲ್ಲಿ ಕೂಗಿದರು. ಹಂಗೆ ಕೂಗಿದ ಮೇಲೆ ಮಾಡಿದ ಮೊದಲನೇ ಕೆಲಸ ಎರಡಾಳು ಎತ್ತರದ ತಂತಿಬೇಲಿ. ಎರಡನೇದು, ಗುಡಿಸೋ ಮೆಷಿನ್ನು ತಂದು ನಮ್ಮನ್ನ ಮನೆಗೆ ಕಳಿಸಿದ್ದು. ಅದಕ್ಕೆ ನಾನು ಬಯ್ಯಲ್ಲ. ಸೊಂಟ ಹೋಗಿತ್ತು, ಸಾಕಾಗಿತ್ತು. ಮೂರನೇದಕ್ಕೆ ಬಯ್ತೀನಿ.

ಹೋದ ವರ್ಷದ ಅಮಾಸೆಗೆ ಆಯಮ್ಮ ಎಂದಿನಂತೆ ಹೋದಳು. ಆ ಹೊತ್ತಿಗೆ ಕಣ್ಣು ಮಂಜಾಗಿತ್ತು, ನನ್ನ ಭುಜ ಹಿಡಿದು ನಡೀತಿದ್ದಳು. ಕೈಲಿ ಹಾಲನ್ನದ ಪಾತ್ರೆ. ಗೇಟು ತೆಗೀಲಿಲ್ಲ. ಹೊಸ ಆಫೀಸರು, ಚಿಕ್ಕ ವಯಸ್ಸಿನೋನು, ತಾನೇ ಬಂದ. ಮೈಸೂರಿನ ಕಡೆಯ ಒಳ್ಳೇ ಕನ್ನಡ. ಬಯ್ಯಲಿಲ್ಲ, ಗದರಿಸಲಿಲ್ಲ. "ಅಜ್ಜಿ, ಈಗ ರೂಲ್ಸ್ ಬೇರೆ. ನಿಮಗೆ ಪರ್ಮಿಶನ್ ಇದೆ ಅಂತ ಎಲ್ಲೂ ದಾಖಲೆ ಇಲ್ಲ. ದಯವಿಟ್ಟು ತಪ್ಪು ತಿಳೀಬೇಡಿ," ಅಂದ. ಮೀಸೆಯೋರು ಕಿರುಚಿದ್ದರು, ಆಮೇಲೆ ಕೂರಿಸಿ ಕೇಳಿದ್ದರು. ಇವನು ಕಿರುಚಲೂ ಇಲ್ಲ, ಕೇಳಲೂ ಇಲ್ಲ.

ಗೇಟಿನ ಸಿಪಾಯಿಗೆ ಕನಿಕರ ಬಂತೇನೋ, ಇಲ್ಲೇ ಬೇಲಿ ಪಕ್ಕ ಇಟ್ಟು ಹೋಗಿ ಅಜ್ಜಿ ಅಂತ ಸನ್ನೆ ಮಾಡಿದ.

ಆಯಮ್ಮ ಅಂದಳು: "ದಾರೀಲಿ ಹೋಗೋ ನಾಯಿಗೆ ತಂದಿಲ್ಲ ಕಣಪ್ಪ."

ಬಂದ ದಾರೀಲೇ ತಿರುಗಿದಳು. ಆ ಪಾತ್ರೆಯನ್ನ ಜಗಲಿ ಮೇಲೆ ಇಟ್ಟುಕೊಂಡು ಅದರ ಪಕ್ಕ ಕೂತಳು. ಕಾಗೆ ಬಂದರೆ ಓಡಿಸಿದಳು. ಉಣ್ಣು ಅಂದರೆ ಉಣ್ಣಲಿಲ್ಲ. ಸಾಯಂಕಾಲಕ್ಕೆ ಹಾಲನ್ನ ಹುಳಿ ಬಂತು, ಹಸುವಿಗೆ ಹಾಕಿದಳು. ಅಲ್ಲಿಂದ ಅವಳು ಬಯ್ಯೋದು ನಿಲ್ಲಿಸಿದಳು. ನುಗ್ಗೇಮರ ಪೂರ್ತಿ ಅವಳ ಕಡೆಗೆ ಬಗ್ಗಿತ್ತು, ಒಂದು ಕಾಯಿ ಕೀಳಲಿಲ್ಲ. ಆಗಲೇ ನನಗೆ ಗೊತ್ತಾಯ್ತು. ಮಾಗಿ ಚಳಿ ದಾಟಲಿಲ್ಲ. ಹಳ್ಳದ ಪಕ್ಕದ ಜಾಗದಲ್ಲಿ, ಗಂಡನ ಬಗಲಿಗೆ ಹಾಕಿದೆವು.

ಸಾಯೋ ಮುಂಚೆ ನನ್ನ ಕರೆದು ಹೇಳಿದ್ದು ಒಂದೇ ಮಾತು: "ನಂಗೆ ಎಲ್ಲಿ ಇಕ್ಕಿದ್ರೂ ನಡೀತದೆ, ನಾನು ನಡ್ಕಂಡು ಬತ್ತೀನಿ. ಮಗೀಗೆ ಮಾತ್ರ ಅಲ್ಲೇ ಇಕ್ಕು ಕಣೇ." ಮಗನಿಗೆ ಹೇಳಲಿಲ್ಲ. ಮಗನಿಗೆ ಗಾಜಿನ ಬಿಲ್ಡಿಂಗಲ್ಲಿ ಪೆಟ್ಟಿಗೆ ಎತ್ತೋ ಕೆಲಸ ಕೊಡ್ತೀವಿ ಅಂದಿದ್ದರು.

ಈ ವರ್ಷದ ಅಮಾಸೆ ಹತ್ತಿರ ಬಂದಾಗ ಆ ಮಗನೇ ನಮ್ಮನೆಗೆ ಬಂದ. ಬಾಗಿಲಲ್ಲೇ ನಿಂತು, "ಚಿಕ್ಕಮ್ಮ, ನೀನು ಗೇಟಿನ ತಾವ ಹೋಗ್ತೀಯಂತೆ. ಬ್ಯಾಡ. ನನ್ನ ಅನ್ನಕ್ಕೆ ಕಲ್ಲು ಹಾಕಬ್ಯಾಡ," ಅಂದ.

"ನಿನ್ನ ಅಕ್ಕನ ಅನ್ನಕ್ಕೆ ಕಲ್ಲು ಬಿದ್ದೈತಲ್ಲ, ಅದನ್ನ ಯಾರು ಎತ್ತಬೇಕು ಕಣ್ಲಾ?"

"ನಾನು ಹುಟ್ಟೋಕೆ ಮುಂಚೆ ಸತ್ತೋಯ್ತು ಅದು. ನಾನು ಮುಖ ನೋಡಿಲ್ಲ."

"ನಿಮ್ಮವ್ವನ ಮುಖ ನೋಡಿದ್ದೆಯಲ್ಲ? ಹೋದ ಅಮಾಸೆ ದಿನ ಜಗಲಿ ಮೇಲೆ?"

ಅವನು ಹೋದ. ಊರಲ್ಲಿ ಇನ್ನೂ ಬೇಕಾದಷ್ಟು ಮನೆಯೋರ ಹಿರಿಯರು ಆ ಟಾರಿನ ಕೆಳಗಿದ್ದಾರೆ. ಒಬ್ಬರೂ ಬರಲಿಲ್ಲ. ಒಂದು ಮನೆಯೋರಿಗೆ ಪಾರ್ಕಿಂಗು, ಒಂದು ಮನೆಯೋರಿಗೆ ಕ್ಯಾಂಟೀನು, ಒಂದು ಮನೆಯೋರಿಗೆ ಇನ್ನೂ ಏನೋ ಸಿಗೋ ಆಸೆ. ಹಳೇ ಗುಡಿಸೋ ಸಾಲಿನೋರು ಉಳಿದಿರೋದು ನಾಲ್ಕು ಜನ. ನಾಲ್ಕು ಜನವೇ ಹೋದೆವು.

ಗೇಟು ತೆಗೀಲಿಲ್ಲ. ನಾನು ಆಯಮ್ಮ ಅಲ್ಲ, ತಿರುಗಿ ಬರಲಿಲ್ಲ. ಬೇಲಿಗೆ ಹತ್ತಿಕೊಂಡ ಹಂಗೆ ಎಲೆ ಹಾಸಿದೆ. ಮಗುವಿಗೆ ಹಾಲನ್ನ, ಬೆಲ್ಲ. ಆಯಮ್ಮನಿಗೆ ಮುದ್ದೆ, ಅವರೇಕಾಳಿನ ಸಾರು, ವಡೆ. ಉಳಿದ ಮೂವರೂ ತಂತಮ್ಮೋರಿಗೆ ಇಟ್ಟರು. ಸಿಪಾಯಿ ಸುಮ್ಮನೆ ನೋಡಿದ. ಒಳಗೆ ಬಿಡಬೇಡ ಅಂದಿದ್ದರು. ಹೊರಗೆ ಇಡೋದನ್ನ ತಡಿ ಅಂದಿರಲಿಲ್ಲ.

ಕಾಗೆ ಬಂದುವು. ಮೊದಲು ಒಂದು, ಆಮೇಲೆ ಕರ್ರಗೆ ಒಂದು ಹಿಂಡು. ನಮ್ಮ ಮುಂದೆ ಕೂತು ಉಣ್ಣಲಿಲ್ಲ ಅವು. ತುತ್ತು ಕಚ್ಚಿಕೊಂಡು ಬೇಲಿ ದಾಟಿ, ಬಿಸಿಲಿಗೆ ಬೆಚ್ಚಗಿದ್ದ ಟಾರಿನ ಮೇಲೆ ಕೂತು ಉಂಡುವು. ಅಲ್ಲೆಲ್ಲ ಅನ್ನ ಚೆಲ್ಲಿದುವು. ಹೆಂಗಸರಲ್ಲಿ ಒಬ್ಬಳು, ಅಕ್ಕಯ್ಯನೇ ಬಂದವಳೆ ಅಂತ ಕಣ್ಣೊರೆಸಿಕೊಂಡಳು. ನಾನು ಹಂಗೆಲ್ಲ ನಂಬಲ್ಲ. ಕಾಗೆಗೆ ಹಸಿವಾಗಿತ್ತು.

ಅಷ್ಟರಲ್ಲಿ ಬೆಳಗಿನ ಇಮಾನ ಬಂತು. ಇಳಿಯೋ ಹಂಗೆ ಬಂದು, ರೊಯ್ಯನೆ ಮೇಲಕ್ಕೆ ಹೋಗಿ, ಸುತ್ತೋಕೆ ಹತ್ತಿತು. ಒಳಗಿಂದ ಪಟಾಕಿ ಹೊಡ್ಕೊಂಡು ಇಬ್ಬರು ಓಡಿ ಬಂದರು. ಕಾಗೆ ಏಳೋವು, ತಿರುಗಿ ಕೂರೋವು. ಜೀಪಲ್ಲಿ ಆಫೀಸರು ಬಂದ.

"ಇದನ್ನೆಲ್ಲ ಇಲ್ಲಿಟ್ಟಿದ್ದು ಯಾರಜ್ಜಿ?"

"ನಾವು. ಒಳಗೆ ಇಕ್ಕಬಾರ್ದು ಅಂದ್ರಿ, ಹೊರಗೆ ಇಕ್ಕಿದ್ವಿ. ಕಾಗೆಗೆ ಹೇಳೋದು ಮರ್ತುಬುಟ್ರಿ."

ಅವನು ನನ್ನ ಬಿಟ್ಟು ಕೈಲಿದ್ದ ವೈರ್‌ಲೆಸ್ಸಲ್ಲಿ ಮಾತಾಡಿದ. ಗುಡಿಸೋ ಮೆಷಿನ್ನು ಕಳಿಸಿ ಅಂದ. ಆ ಕಡೆಯಿಂದ ಬಂದ ಜವಾಬು ನಮಗೂ ಕೇಳಿಸಿತು. ಮೆಷಿನ್ ಓಡಿಸೋನು ಇವತ್ತು ರಜ. ಪಾವಗಡದ ಹತ್ತಿರದ ಅವನ ಊರಿಗೆ ಹೋಗಿದ್ದಾನೆ. ಹಿರಿಯರಿಗೆ ಎಡೆ ಇಕ್ಕೋಕೆ.

ನಾನು ನಗಲಿಲ್ಲ. ಆಯಮ್ಮ ಇದ್ದಿದ್ದರೆ ಗುರ್ರ್ ಅಂತ ನೋಡೋಳು, ನಾನೂ ಹಂಗೇ ನೋಡಿದೆ. ಮೇಲೆ ಇಮಾನ ಇನ್ನೂ ಸುತ್ತುತ್ತಾ ಇತ್ತು. ಸುತ್ತಲಿ ಅನ್ನಿಸಿತು ನನಗೆ. ನಿಜ ಹೇಳ್ತೀನಿ, ಸುತ್ತಿ ಸುತ್ತಿ ಬಂದ ದಾರೀಲೇ ಹೋಗಲಿ ಅನ್ನಿಸಿತು. ಆದರೆ ಮೊಣಕಾಲಿಗೆ ಬಿದ್ದ ಪೊರಕೆ ಏಟು ಇಷ್ಟು ವರ್ಷ ಆದ ಮೇಲೂ ಮರೆಯೋದಲ್ಲ. ಮ್ಯಾಲಿರೋನು ಯಾರ್ದೋ ಮಗ, ಮೊದ್ಲು ಗುಡಿಸು. ಎಲೆಗಳನ್ನ ಎತ್ತಿ ಮುದುರಿ ಬುಟ್ಟಿಗೆ ಹಾಕಿದೆ.

"ಗೇಟು ತೆಗೀರಿ. ಪೊರಕೆ ಕೊಡಿ," ಅಂದೆ.

ಅವನು ನನ್ನನ್ನೂ ಮೇಲಿನ ಇಮಾನವನ್ನೂ ನೋಡಿದ. ಗೇಟು ತೆಗೆದರು. ಉಗ್ರಾಣದಿಂದ ಪೊರಕೆ ತಂದುಕೊಟ್ಟೋನು ಆಯಮ್ಮನ ಮಗ. ನಾಲ್ಕು ಜನ ಚಪ್ಪಲಿ ಬಿಟ್ಟೆವು.

"ಅಜ್ಜಿ, ಚಪ್ಪಲಿ ಹಾಕ್ಕೊಂಡೇ ಹೋಗಿ, ಪರವಾಗಿಲ್ಲ. ಟಾರು ಕಾಲಿಗೆ ಸುಡುತ್ತೆ," ಅಂದ ಆಫೀಸರು.

"ಯಾರ ತಲೆ ಮ್ಯಾಲೆ ಮೆಟ್ಕಂಡು ಹೋಗನ ಸ್ವಾಮಿ?"

ಅವನಿಗೆ ಅರ್ಥ ಆಯ್ತೋ ಇಲ್ಲವೋ. ಬೂಟು ಹಾಕಿಕೊಂಡೇ ನಮ್ಮ ಹಿಂದೆ ಬಂದ. ಅವನು ಬಿಚ್ಚಲಿ ಅಂತ ನಾನು ಕಾಯಲಿಲ್ಲ.

ಅಡ್ಡಕ್ಕೆ ಸಾಲು ನಿಂತೆವು. ನಾಲ್ಕು ಜನದ ಸಾಲು ಆ ರೋಡಿಗೆ ಎಲ್ಲಿ ಸಾಲುತ್ತೆ? ಹೋಗಿ ಬಂದು, ಹೋಗಿ ಬಂದು ಗುಡಿಸಿದೆವು. ಕಾಗೆಗಳು ಪಡುವಣ ತುದಿ ತನಕ ಚೆಲ್ಲಿದ್ದುವು. ಮಧುಗಿರಿ ಬೆಟ್ಟದ ನೆತ್ತಿ ನೀರಿನ ಟ್ಯಾಂಕಿನ ಪಕ್ಕಕ್ಕೆ ಬಂದಾಗ ಕೆಳಗೆ ನೋಡಿದೆ. ಹಾಲನ್ನದ ಅಗುಳು ಎರಡೋ ಮೂರೋ ಬಿದ್ದಿತ್ತು. ಕಾಗೆ ತಂದದ್ದೋ, ನಮ್ಮ ಪೊರಕೆಯಿಂದಲೇ ಹಾರಿದ್ದೋ ಗೊತ್ತಿಲ್ಲ. ಒಂದು ಗಳಿಗೆ ನಿಂತೆ. ಆಮೇಲೆ ಅದನ್ನೂ ಗುಡಿಸಿದೆ. ಆಯಮ್ಮ ಇದ್ದಿದ್ದರೂ ಗುಡಿಸೋಳು.

ನಾವು ಬೇಲಿಯ ಈಚೆ ಬಂದ ಮೇಲೆ ಇಮಾನ ಇಳೀತು. ಅದರ ಗಾಜಿನ ಕಿಟಕಿಗಳಲ್ಲಿ ಮುಖಗಳು ಕಾಣಿಸಿದುವು. ಆಫೀಸರು ನನ್ನ ಹತ್ತಿರ ಬಂದು, ತುಂಬಾ ಉಪಕಾರ ಆಯ್ತು ಅಜ್ಜಿ, ಮುಂದಿನ ವರ್ಷ ಏನು ಮಾಡೋಣ ಅಂತ ಮೇಲಿನೋರನ್ನ ಕೇಳ್ತೀನಿ ಅಂದ. ಅವನ ಮಾತಿಗೆ ನಾನು ತಲೆ ಆಡಿಸಲಿಲ್ಲ. ಮಾತಿನ ಮೇಲೆ ಬದುಕಿದೋಳು ಹೋಗಿ ಆಯ್ತು.

ಪೊರಕೆಯನ್ನ ಅವನ ಕೈಗೇ ಕೊಟ್ಟೆ.

"ಒಂದು ಅಗುಳು ಉಳಿಸಿಲ್ಲ, ನೋಡ್ಕಳಿ. ಈಗ ಖಾಲಿ ಐತೆ. ಗ್ವಾಡೆ ಮ್ಯಾಲೆ ಬರೆಯೋದಾದ್ರೆ ಈಗ ಬರ್ಕಳಿ," ಅಂದೆ.